ಎಡಕ್ಕೆ ತಿರುಗಿದ ವಿಮಾನ

ಸೋಮವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ತಂಗಿ ಗಗನಸಖಿ. ಶನಿವಾರ ಮಧ್ಯಾಹ್ನ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಧಡಕ್ಕನೆ ಕುಸಿದಿತ್ತು. ತಂಗಿ ಚಾವಣಿಗೆ ಬಡಿದು ಸೀಟಿನ ಕೈಯ ಮೇಲೆ ಬಿದ್ದಿದ್ದಳು. ಬೆನ್ನುಮೂಳೆ ಮುರಿದು, ಸೊಂಟದ ಕೆಳಗೆ ಮುಟ್ಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ವಿಮಾನ ಅರ್ಧಕ್ಕೇ ವಾಪಸಾಗಿ ಇಲ್ಲೇ ಇಳಿದಿತ್ತು.

"ಗಾಳಿ ಹೊಡೆತಕ್ಕೆ ವಿಮಾನ ಕುಸೀತಂತೆ. ನನ್ನ ತಂಗಿ ಹೊತ್ತಿಗೆ ಮುಂಚೆ ಬೆಲ್ಟ್ ಬಿಚ್ಚಿ ಎದ್ದಳಂತೆ. ತಪ್ಪು ಅವಳದೇ ಅಂತ ಕಂಪನಿ ಮ್ಯಾನೇಜರ್ ಆಸ್ಪತ್ರೆಗೇ ಬಂದು ಹೇಳಿ ಹೋದ," ಎಂದಳು ಅಕ್ಕ. "ಹನ್ನೊಂದು ವರ್ಷದಿಂದ ಕಂಡಕಂಡವರಿಗೆಲ್ಲ ಬೆಲ್ಟ್ ಹಾಕ್ಕೊಳ್ಳಿ ಅಂದವಳು ಸಾರ್ ಅವಳು!"

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದಳು. "ಆರೋಪಿ ಯಾರು ಅಂತ ಬರೀಲಿ ತಾಯಿ?"

"ಅದನ್ನ ಹುಡುಕೋಕೆ ತಾನೇ ನಿಮಗೆ ಈ ಬಟ್ಟೆ ಕೊಟ್ಟಿರೋದು?"

ಹೆಡ್ ಕಾನ್‌ಸ್ಟೆಬಲ್ 'ಗೊತ್ತಿಲ್ಲ' ಎಂದು ಬರೆದಳು. ಪಕ್ಕದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರ್‌ಗೆ ಶನಿವಾರ ಚೆನ್ನಾಗಿ ನೆನಪಿತ್ತು. ಎಲೆ ಅಲ್ಲಾಡದ ಮಧ್ಯಾಹ್ನ ಅದು. ಠಾಣೆಯ ಮುಂದಿನ ಧ್ವಜ ಒದ್ದೆ ಬಟ್ಟೆಯ ಹಾಗೆ ಕಂಬಕ್ಕೆ ಅಂಟಿಕೊಂಡಿತ್ತು. ಎಲ್ಲಿಯ ಗಾಳಿ, ಎಲ್ಲಿಯ ಹೊಡೆತ! ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ಮಾಡಿದ ಆರೋಪದ ಮೇಲೆ ಅವನು ಎಫ್‌ಐಆರ್ ದಾಖಲಿಸಿದ.

ಆಸ್ಪತ್ರೆಯಲ್ಲಿ ಗಾಯಾಳು ಚಾವಣಿ ನೋಡುತ್ತಲೇ ಹೇಳಿಕೆ ಕೊಟ್ಟಳು. ಕತ್ತು ತಿರುಗಿಸುವಂತಿರಲಿಲ್ಲ.

"ಎದ್ದದ್ದು ಯಾಕೆ?"

"ಎರಡು ಸಲ ಬೆಲ್ ಆಯ್ತು. ಕ್ಯಾಪ್ಟನ್ ಎರಡು ಸಲ ಬೆಲ್ ಹೊಡೆದ್ರೆ ನಾವು ಎದ್ದು ಕೆಲಸ ಶುರು ಮಾಡಬೇಕು ಅಂತ. ಈ ಕ್ಯಾಪ್ಟನ್ ಯಾವಾಗಲೂ ಬೇಗ ಹೊಡೀತಾರೆ. ಹತ್ತಿರದ ಊರು, ಇಳಿಯೋದ್ರೊಳಗೆ ತಿಂಡಿ ಮಾರಿ ಮುಗೀಬೇಕಲ್ಲ."

"ಬೆಲ್ ಆದದ್ದು ಖಚಿತಾನಾ?"

ಅವಳು ತುಟಿ ಕಚ್ಚಿದಳು. "ಖಚಿತ ಇತ್ತು. ಮ್ಯಾನೇಜರ್ ಮತ್ತೆ ಮತ್ತೆ ಬಂದು ಆಗಿಲ್ಲ ಅಂದ್ರು. ಈಗ ನನ್ನ ಕಿವಿ ಮೇಲೆ ನನಗೇ ನಂಬಿಕೆ ಇಲ್ಲ ಸಾರ್. ನಾನೇ ಎದ್ದು ನನ್ನ ಬದುಕು ಹಾಳು ಮಾಡ್ಕೊಂಡ್ನಾ?"

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಜೊತೆ ದಡದಡನೆ ಮೆಟ್ಟಿಲಿಳಿದ. ಜೀಪಿನ ಬಾಗಿಲು ಹಾಕಿದ ರಭಸಕ್ಕೆ ಕನ್ನಡಿ ನಡುಗಿತು. "ಬೆನ್ನು ಮುರಿದದ್ದು ಸಾಲದು ಅಂತ ತಲೆಯೊಳಗೂ ಕೈ ಹಾಕಿದ್ದಾರೆ, ಬೇವರ್ಸಿಗಳು!"

ಮಧ್ಯಾಹ್ನ ಇಬ್ಬರೂ ನಿಲ್ದಾಣದ ಗೋಪುರ ಹತ್ತಿದರು. ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಣಾಧಿಕಾರಿ ಶನಿವಾರದ ಧ್ವನಿಮುದ್ರಣ ಹಾಕಿದ.

"ಹೊರಡೋ ಮುಂಚೆ ಪ್ರತಿ ವಿಮಾನಕ್ಕೂ ಅನುಮತಿ ಕೊಡ್ತೀವಿ. ಎಷ್ಟು ಎತ್ತರ, ಯಾವ ಕಡೆ ಅಂತ. ಅವರು ಅದನ್ನ ಅಕ್ಷರ ಬಿಡದೆ ನಮಗೆ ವಾಪಸ್ ಹೇಳಬೇಕು. ಕೇಳಿ."

'ಮೇಲೇರಿದ ನಂತರ ನೇರ ಹೋಗಿ. ಹೇಳುವವರೆಗೆ ತಿರುಗಬೇಡಿ.' ಸಹಪೈಲಟ್‌ನ ಎಳೆ ಧ್ವನಿ ಅದನ್ನೇ ಮರಳಿ ಒಪ್ಪಿಸಿತು. ಆಮೇಲೆ ಕೆಲ ಹೊತ್ತು ಬೇರೆ ವಿಮಾನಗಳ ಮಾತು. ಆಮೇಲೆ ಅಧಿಕಾರಿಯದೇ ಕೂಗು: 'ಎಡಕ್ಕೆ ಯಾಕೆ ತಿರುಗಿದಿರಿ? ಎದುರಿಗೆ ವಿಮಾನ ಇಳೀತಿದೆ!'

"ಕೆಳಗೆ ಮುಳುಗಿ ತಪ್ಪಿಸ್ಕೊಂಡ್ರು. ಕೂದಲೆಳೆ ಅಂತರ. ಎರಡೂ ಸೇರಿ ಮುನ್ನೂರು ಜನ ಇದ್ರು," ಎಂದ ಅಧಿಕಾರಿ.

"ಬಾಯಲ್ಲಿ ಸರಿಯಾಗೇ ಹೇಳಿದ್ದಾರಲ್ರೀ?"

"ಬಾಯಿ ಹೇಳ್ತು. ಕೈ ಮಾಡಲಿಲ್ಲ."

ಕೈ ಯಾಕೆ ಮಾಡಲಿಲ್ಲ ಎಂಬುದನ್ನು ಠಾಣೆಗೆ ಕರೆಸಿದ ಸಹಪೈಲಟ್ ಹೇಳಿದ. ಮೂವತ್ತು ದಾಟದ ಯುವಕ.

"ದಿನಾ ನಮ್ಮನ್ನ ಎಡಕ್ಕೇ ಕಳಿಸ್ತಾರೆ. ಅದಕ್ಕೆ ಕ್ಯಾಪ್ಟನ್ ಅನುಮತಿ ಬರೋ ಮುಂಚೇನೇ ಎಡದ ದಾರೀನ ಕಂಪ್ಯೂಟರ್‌ಗೆ ಹಾಕಿಟ್ಟಿರ್ತಾರೆ. ಶನಿವಾರ ಬೇರೆ ಅನುಮತಿ ಬಂತು. ಬದಲಾಯಿಸಬೇಕು ಅಂದೆ. ಮಾಡೋಣ ಅಂದ್ರು. ಅಷ್ಟರಲ್ಲಿ ವಿಮಾನನ ಹಿಂದಕ್ಕೆ ತಳ್ಳೋ ಟ್ರ್ಯಾಕ್ಟರ್ ಬಂತು."

"ಆಮೇಲೆ?"

"ಇಬ್ಬರೂ ಪರದೆ ಮೇಲೆ ಬೆರಳಿಟ್ಟು ದಾರೀನ ಒಟ್ಟಿಗೆ ಓದಬೇಕು. ಅದು ನಿಯಮ. ಓದಲಿಲ್ಲ."

"ಕಂಪನಿಗೆ ಏನು ಹೇಳಿದೆ?"

"ಮರೆತವನು ನಾನೇ ಅಂತ. ನಿನಗಾದ್ರೆ ಆರು ತಿಂಗಳ ಶಿಕ್ಷೆ, ಆಮೇಲೆ ನಾನೇ ಕೈಹಿಡಿದು ಮೇಲೆ ತರ್ತೀನಿ ಅಂದ್ರು ಕ್ಯಾಪ್ಟನ್."

"ಬೆಲ್ ಹೊಡೆದದ್ದು ಯಾರು?"

"ಅದೊಂದನ್ನ ಕೇಳಬೇಡಿ ಸಾರ್. ಉಂಡ ಮನೆಗೆ ಎರಡು ಬಗೆಯೋಕಾಗಲ್ಲ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟಳು. "ಬೆನ್ನು ಮುರಿದುಕೊಂಡು ಮಲಗಿದಾಳಲ್ಲಪ್ಪ, ಅವಳೇನು ಬೇರೆ ಮನೇಲಿ ಉಂಡವಳಾ?"

ಅವನು ಅತ್ತ. ಆದರೆ ಬಾಯಿ ಬಿಡಲಿಲ್ಲ.

ಇನ್ನು ಉಳಿದದ್ದು ಪೈಲಟ್‌ಗಳ ಮಾತು, ಬೆಲ್ಲಿನ ಸದ್ದು ಎಲ್ಲವನ್ನೂ ಹಿಡಿದಿಡುವ ಧ್ವನಿಪೆಟ್ಟಿಗೆ. ಮಂಗಳವಾರ ವಿಮಾನ ಇಲಾಖೆಯ ತನಿಖಾಧಿಕಾರಿಯನ್ನು ಕರೆದುಕೊಂಡು, ಶನಿವಾರದಿಂದ ಹಾರದೆ ನಿಂತಿದ್ದ ವಿಮಾನದ ಪೆಟ್ಟಿಗೆಯನ್ನು ಪಂಚರ ಎದುರು ಬಿಚ್ಚಿಸಿ, ಅರಗಿನ ಮುದ್ರೆ ಒತ್ತಿ ಪಂಚನಾಮೆ ಮುಗಿಸಿದರು.

"ನಮ್ಮ ಜೀಪಿಗೂ ಇಂಥದ್ದೊಂದು ಹಾಕಿಸಿ ಸಾರ್," ಎಂದಳು ಹೆಡ್ ಕಾನ್‌ಸ್ಟೆಬಲ್.

"ಯಾಕೆ?"

"ಮೇಲಿನವರನ್ನ ನೀವು ಬೈಯೋದನ್ನ ಅವರೂ ಒಂದ್ಸಲ ಕೇಳಿಸ್ಕೊಳ್ಳಲಿ."

ಇನ್‌ಸ್ಪೆಕ್ಟರ್ ಎರಡು ದಿನದಲ್ಲಿ ಮೊದಲ ಸಲ ನಕ್ಕ. ಗುರುವಾರ ಪ್ರಯೋಗಾಲಯಕ್ಕೆ ಹೋದಾಗ ಆ ನಗುವೂ ಹೋಯಿತು.

"ಹಾರಾಟದ ಒಂದು ಮಾತೂ ಇಲ್ಲ. ಅಳಿಸಿದ್ದಾರೆ," ಎಂದ ತಜ್ಞ. "ವಿಮಾನ ನೆಲದ ಮೇಲೆ ನಿಂತಿದ್ದು ಬ್ರೇಕ್ ಹಾಕಿದ್ರೆ ಮಾತ್ರ ಅಳಿಸೋ ಗುಂಡಿ ಕೆಲಸ ಮಾಡೋದು."

ನಿಲ್ದಾಣದ ಕ್ಯಾಮೆರಾ ಚಿತ್ರಗಳನ್ನು ಇನ್‌ಸ್ಪೆಕ್ಟರ್ ಆಗಲೇ ನೋಡಿದ್ದ. ಸಹಪೈಲಟ್ ಸ್ಟ್ರೆಚರ್ ಜೊತೆ ಇಳಿದು ಆಂಬುಲೆನ್ಸ್ ಹತ್ತಿದ್ದ. ಪ್ರಯಾಣಿಕರೂ ಉಳಿದ ಸಿಬ್ಬಂದಿಯೂ ಇಳಿದ ಮೇಲೆ ಒಳಗೆ ಉಳಿದಿದ್ದವನು ಕ್ಯಾಪ್ಟನ್ ಒಬ್ಬನೇ.

"ಹಾಗಾದ್ರೆ ಬೆಲ್ಲಿಗೆ ಸಾಕ್ಷಿ ಇಲ್ಲ?"

"ತಾಳಿ ಸಾರ್. ಅಳಿಸೋದು ಬೇರೆ, ನಿಲ್ಲಿಸೋದು ಬೇರೆ. ಕರೆಂಟ್ ಇರೋವರೆಗೂ ಪೆಟ್ಟಿಗೆ ಕೇಳಿಸ್ಕೊಳ್ತಾನೇ ಇರುತ್ತೆ. ಗಾಬರೀಲಿ ಅವರಿಗೆ ಅದು ಹೊಳೆದಿಲ್ಲ."

ಸಂಜೆ ಕ್ಯಾಪ್ಟನ್ ಠಾಣೆಗೆ ಬಂದ. ಐವತ್ತರ ಆಸುಪಾಸು, ಇಸ್ತ್ರಿ ಕೆಡದ ಸಮವಸ್ತ್ರ. ಕಂಪನಿಯ ಪೈಲಟ್‌ಗಳಿಗೆಲ್ಲ ಪರೀಕ್ಷೆ ಮಾಡುವ ಮುಖ್ಯ ತರಬೇತುದಾರ. ಕೇಳುವ ಮುಂಚೆಯೇ ಕುರ್ಚಿ ಎಳೆದುಕೊಂಡು ಕೂತ.

"ಬೆಲ್ ಹೊಡೆದಿರಾ?"

"ಇಲ್ಲ."

"ಪೆಟ್ಟಿಗೆ ಅಳಿಸಿದಿರಾ?"

"ಏನೋ ದೋಷ ಇರಬೇಕು. ಯಂತ್ರ ಅಲ್ವೇ?"

ಇನ್‌ಸ್ಪೆಕ್ಟರ್ ಪೆಟ್ಟಿಗೆಯ ಧ್ವನಿಮುದ್ರಣ ಹಾಕಿದ. ಮೊದಲು ಟಕ್ಕೆಂದು ಗುಂಡಿ ಬಿಟ್ಟ ಸದ್ದು. ಒಂದು ದೀರ್ಘ ಉಸಿರು. ಆಮೇಲೆ ಫೋನಿನಲ್ಲಿ ಆಡಿದ ಮಾತು, ಕ್ಯಾಪ್ಟನ್‌ನದೇ ಧ್ವನಿ: 'ಮ್ಯಾನೇಜರೇ, ಬೆಲ್ ನಾನೇ ಹೊಡೆದಿದ್ದೆ. ಈಗ ಅದು ಎಲ್ಲೂ ಇಲ್ಲ. ಅವಳೇ ಎದ್ದಳು ಅಂತ ಬರೀರಿ. ದಾರಿ ತಪ್ಪಿದ್ದನ್ನ ಹುಡುಗ ಹೊತ್ಕೊಳ್ತಾನೆ.'

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಅಂಗೈ ಬಡಿದ. "ಅವಳು ಎಚ್ಚರ ಇದ್ದಷ್ಟು ಹೊತ್ತೂ ತಾನೇ ತಪ್ಪು ಮಾಡಿದೆ ಅಂತ ಅಳ್ತಿದ್ದಾಳ್ರೀ! ತಪ್ಪು ಯಾರಿಗೂ ಆಗುತ್ತೆ. ಆದರೆ ಮಲಗಿದವಳ ಎದೆ ಮೇಲೆ ಅದನ್ನ ಹೇರೋಕೆ ಮನಸ್ಸಾದರೂ ಹೇಗೆ ಬಂತು?"

ಕ್ಯಾಪ್ಟನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಸಂಜೆ ಐದೂ ಮುಕ್ಕಾಲಿಗೆ ಅವನ ಬಂಧನವಾಯಿತು. ಸಾಕ್ಷ್ಯನಾಶದ ಕಲಮೂ ಸೇರಿತು. ಮ್ಯಾನೇಜರ್ ಎರಡನೇ ಆರೋಪಿ. ಅವನನ್ನು ಕರೆತರಲು ಜೀಪು ಹೋಯಿತು. ಹೆಡ್ ಕಾನ್‌ಸ್ಟೆಬಲ್ ಅಕ್ಕನಿಗೆ ಫೋನ್ ಮಾಡಿದಳು. "ಫೋನ್ ತಂಗಿ ಕಿವಿಗೆ ಹಿಡೀರಿ ತಾಯಿ… ಬೆಲ್ ಆಗಿತ್ತಮ್ಮ. ನಿನ್ನ ಕಿವಿ ಸರಿಯಾಗೇ ಇದೆ." ಆ ಕಡೆಯಿಂದ ಬಂದದ್ದನ್ನು ಬಹಳ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟಳು.

"ಕೆಲಸ ಹೋಗುತ್ತೆ ಅಂತ ಹೆದರಿದಿರಾ?" ಇನ್‌ಸ್ಪೆಕ್ಟರ್ ಕೇಳಿದ. ಸಿಟ್ಟು ಇಳಿದಿರಲಿಲ್ಲ, ಧ್ವನಿ ಇಳಿದಿತ್ತು.

"ಕೆಲಸ ಅಲ್ಲ," ಎಂದ ಕ್ಯಾಪ್ಟನ್. "ಪರದೆ ಮೇಲೆ ಬೆರಳಿಟ್ಟು ಓದಲಿಲ್ಲ ಅಂತ ಇಬ್ಬರನ್ನ ನಾನೇ ಫೇಲ್ ಮಾಡಿ ಮನೆಗೆ ಕಳಿಸಿದ್ದೆ. ಕೈ ಮುಗಿದು ಕೇಳ್ಕೊಂಡ್ರು. ಬಿಡಲಿಲ್ಲ. ಈಗ ನಾನೂ ಅದನ್ನೇ ಮಾಡಿದೆ ಅಂತ ಅವರಿಗೆ ತಿಳಿದ್ರೆ, ಅವರ ಎದುರು ಹೇಗೆ ನಿಲ್ಲಲಿ?"

"ನಿಲ್ಲೋಕೆ ನಿಮಗೆ ಕಾಲಾದರೂ ಇದೆ."

ಹೆಡ್ ಕಾನ್‌ಸ್ಟೆಬಲ್ ಹೇಳಿಕೆ ಬರೆದುಕೊಳ್ಳುತ್ತ ಆ ಇಬ್ಬರ ಹೆಸರು ಕೇಳಿದಳು. ಕ್ಯಾಪ್ಟನ್ ಒಬ್ಬನ ಹೆಸರು ಹೇಳಿದ. ಇನ್ನೊಬ್ಬನದು, ಹಣೆ ತಿಕ್ಕಿಕೊಂಡು ಎಷ್ಟು ಯೋಚಿಸಿದರೂ, ನೆನಪಿಗೆ ಬರಲಿಲ್ಲ.