ಆಳದ ನಶೆ

ತಮ್ಮನನ್ನು ನೀರಿನ ತಳದಲ್ಲಿ ಬಿಟ್ಟು ಬಂದವನು ಎದುರಿಗೇ ಕೂತು ಚಹಾ ಹೀರುವುದನ್ನು ಸುಭಾಸ ಎರಡು ವರ್ಷದಿಂದ ನೋಡುತ್ತ ಬಂದಿದ್ದ. ಗಾಳಿಯ ಸಿಲಿಂಡರ್ ಹೊತ್ತು ಮುಳುಗಿ ಹೆಣ ತೆಗೆಯುವ ಅವರ ತಂಡದಲ್ಲಿ ಜುಲ್ಫಿಕರನೇ ಹಿರಿಯ. ತಮ್ಮ ಅರುಣಕುಮಾರ ತಳದಲ್ಲಿ ಬಲೆಗೆ ಸಿಕ್ಕು ಒದ್ದಾಡುತ್ತಿದ್ದಾಗ ಈ ಹಿರಿಯ ಒಬ್ಬನೇ ಮೇಲೆ ಬಂದಿದ್ದ. "ನಶೆ ಏರಿತ್ತೋ ಸುಭಾಸ, ಏನ್ ಮಾಡಾಕತ್ತೇನಿ ಅನ್ನೂದ ತಿಳೀಲಿಲ್ಲ," ಎಂದು ಅತ್ತಿದ್ದ. ಪೊಲೀಸರು ಒಪ್ಪಿದರು, ಊರೂ ಒಪ್ಪಿತು.

ಒಪ್ಪದೆ ಏನು ಮಾಡಿಯಾರು? ಅಷ್ಟು ಆಳದಲ್ಲಿ ಉಸಿರಿನ ಗಾಳಿಯಲ್ಲಿರುವ ಸಾರಜನಕವೇ ಹೆಂಡದಂತೆ ತಲೆಗೇರುತ್ತದೆ. ಒಬ್ಬ ನಗುತ್ತಾನೆ, ಒಬ್ಬ ನಡುಗುತ್ತಾನೆ, ಮತ್ತೊಬ್ಬ ಮುಖದ ಮಾಸ್ಕನ್ನೇ ಕಿತ್ತೆಸೆಯುತ್ತಾನೆ. ಮೇಲೆ ಬಂದರೆ ನಶೆ ಇಳಿದುಹೋಗುತ್ತದೆ, ಗುರುತೂ ಉಳಿಯುವುದಿಲ್ಲ. ಜುಲ್ಫಿಕರನನ್ನು ಉಳಿಸಿದ ಆ ನೆಪವೇ ಅವನನ್ನು ನುಂಗಲಿ ಎಂದು ಸುಭಾಸ ತೀರ್ಮಾನಿಸಿದ. ತನ್ನ ಹತ್ತಿರ ಮಾತ್ರ ನಶೆ ಸುಳಿಯುವುದಿಲ್ಲ. ಇಷ್ಟು ವರ್ಷದ ಅನುಭವ, ಆಳಕ್ಕಿಳಿದಷ್ಟೂ ತನ್ನ ತಲೆ ತಿಳಿಯಾಗುತ್ತದೆ ಎಂದೇ ಅವನು ನಂಬಿದ್ದ.

ಮುದ್ದೇಬಿಹಾಳದ ಆಚೆಗಿನ, ನೀರು ತುಂಬಿದ ಆಳದ ಹಾಳು ಕಲ್ಲು ಖಣಿಯಲ್ಲಿ ಸಮಯ ಒದಗಿತು. ಕನ್ನೊಳ್ಳಿಯ ಮಾನಪ್ಪ ಅದರೊಳಗೆ ಬಿದ್ದು ಮುಳುಗಿದ್ದ. ಪೊಲೀಸ್ ಫೌಜದಾರರು ಜಾಲಿಯ ನೆರಳಿಗೆ ನಿಂತಿದ್ದರು. ತಂಡದ ಮಲ್ಲಣ್ಣ, ಮುಳುಗಲಿದ್ದ ಸುಭಾಸ, ಜುಲ್ಫಿಕರ ಇಬ್ಬರ ಹಗ್ಗವನ್ನೂ ಹಿಡಿದು ದಂಡೆಯಲ್ಲಿ ಕೂತ. ಹಗ್ಗದ ಜೊತೆಗೇ, ಮುಖ ಮುಚ್ಚುವ ಮಾಸ್ಕಿನೊಳಗೆ ಆಡಿದ ಮಾತನ್ನು ದಂಡೆಗೆ ಮುಟ್ಟಿಸುವ ಫೋನಿನ ತಂತಿ ಇಳಿಯುತ್ತಿತ್ತು. ಜುಲ್ಫಿಕರನ ತಂತಿಯನ್ನು ಮೊದಲು ಕಳಚಬೇಕು, ಕಿರುಚಿದರೂ ಮೇಲೆ ಕೇಳಬಾರದು ಎಂದು ಸುಭಾಸ ಲೆಕ್ಕ ಹಾಕಿದ್ದ.

"ಮುಟ್ಟೂ ಮೊದ್ಲ ಹೆಸರ ಹಿಡದ ಕರೀರಿ ಯಪ್ಪಾ, ಮನಿಗೆ ನಡಿ ಅನ್ರಿ," ಎಂದು ಮಾನಪ್ಪನ ಹೆಂಡತಿ ದುರ್ಗವ್ವ ಕೈಮುಗಿದಳು.

"ಕರೀತೇವ್ರಿ ಯವ್ವಾ," ಎಂದ ಜುಲ್ಫಿಕರ. ಹಾಗೆ ಕರೆಯದೆ ಅವರು ಯಾವ ಹೆಣವನ್ನೂ ಎತ್ತುತ್ತಿರಲಿಲ್ಲ.

ತಳ ಕತ್ತಲು. ಜುಲ್ಫಿಕರ ಬಗ್ಗಿ ಕೆಸರು ತಡಕುತ್ತಿದ್ದಾಗ ಸುಭಾಸ ಹಿಂದಿನಿಂದ ತಂತಿ ಕಳಚಿದ, ಸಿಲಿಂಡರಿನ ವಾಲ್ವು ತಿರುಗಿಸಿ ಬಂದ್ ಮಾಡಿದ, ಮೊಣಕಾಲನ್ನು ಅವನ ಬೆನ್ನಿಗೆ ಒತ್ತಿ ಕುತ್ತಿಗೆ ಹಿಡಿದ. ಜುಲ್ಫಿಕರ ಕೊಸರಾಡಿದ. ಉಗುರಿನಿಂದ ಕೈ ಪರಚಿದ, ತಲೆಯನ್ನು ಹಿಂದಕ್ಕೆ ಅಪ್ಪಳಿಸಿದ. ಸುಭಾಸನಿಗೆ ಎಂಥದೋ ಸುಖ ಉಕ್ಕಿತು. ನನ್ನ ಅರುಣಕುಮಾರನೂ ಹಿಂಗ ಒದ್ದಾಡಿದ್ದಲೇ ಜುಲ್ಫಿ, ನೀ ನೋಡಿಕೋತ ಹೋದಿ, ಈಗ ನೀ ಸಾಯಿ ಎಂದು ಮನಸ್ಸಿನಲ್ಲೇ ಹಾಡಿಕೊಂಡ. ಕಿವಿಯಲ್ಲಿ ಮಲ್ಲಣ್ಣನ ದನಿ ಗುಂಯ್‌ಗುಟ್ಟಿತು, ಹಗ್ಗ ಮತ್ತೆ ಮತ್ತೆ ಜಗ್ಗಿತು. ಅತ್ತ ಗಮನ ಕೊಡಲು ಅವನಿಗೆ ಮನಸ್ಸಿರಲಿಲ್ಲ. ಕೈಕೆಳಗಿನ ದೇಹ ಸುಮ್ಮನಾದ ಮೇಲೆ ಜುಲ್ಫಿಕರನ ಮಾಸ್ಕನ್ನು ಕಿತ್ತು ಅವನ ಮುಷ್ಟಿಗೇ ಸಿಕ್ಕಿಸಿದ, ವಾಲ್ವು ಮತ್ತೆ ತೆರೆದ, ತಂತಿ ಜೋಡಿಸಿದ. ಒಂದು ತಪ್ಪೂ ಇರಲಿಲ್ಲ.

ಆಳದಿಂದ ಒಮ್ಮೆಲೇ ಏರಬಾರದೆಂಬ ನಿಯಮದಂತೆ ನಡುನಡುವೆ ತಂಗುತ್ತ ಮೇಲೆ ಬಂದ. ಮಾಸ್ಕ್ ಸರಿಸಿದವನೇ, "ನಶೆ ಏರಿತ್ರೀ ಅವಗ! ಮಾಸ್ಕ್ ತಾನ ಕಿತ್ತಕೊಂಡಾ!" ಎಂದು ಚೀರಿದ. ಕಣ್ಣೀರೂ ಚೆನ್ನಾಗಿಯೇ ಬಂತು.

ಫೌಜದಾರರು ನೆರಳು ಬಿಟ್ಟು ನೀರಿನಂಚಿಗೆ ಬಂದಿದ್ದರು. ದುರ್ಗವ್ವ ಅಳು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಅರುಣಕುಮಾರ ಅಂದ್ರ ನಿನಗ ಏನ್ ಆಗ್ಬೇಕೋ?" ಎಂದು ಕೇಳಿದಳು.

ಆ ಹೆಸರು ಈ ಹೆಂಗಸಿಗೆ ಹೇಗೆ ಗೊತ್ತಾಯಿತು? ಮಲ್ಲಣ್ಣ ಹಗ್ಗ ಕೆಳಗಿಟ್ಟು, ಪಕ್ಕದಲ್ಲಿದ್ದ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಗಂಡನ್ನ ಕರಿಯೂದ ಕೇಳ್ಬೇಕಂತ ಆಕಿ ಹಟಾ ಹಿಡದ್ಳು, ಎಲ್ಲಾರಿಗೂ ಕೇಳೂಹಂಗ ಇದನ್ನ ಜೋರ್ ಇಟ್ಟಿದ್ದೆ," ಎಂದ. "ತಳಾ ಮುಟ್ಟಿದಾಗಿಂದ ನೀ ಬಾಯಿ ಮುಚ್ಚಿಲ್ಲೋ, ಸುಭಾಸ."