ಮೊಟ್ಟೆ ನೋಡುವ ಟಾರ್ಚು

ಟಾರ್ಚ್ ಕೊಳ್ಳಲು ಬಂದವರು ಅದನ್ನು ಹಚ್ಚಿ ಗೋಡೆಗೋ ಸೂರಿಗೋ ಬಿಟ್ಟು ನೋಡುತ್ತಾರೆ. ಕೆಲವರು ಎದುರಂಗಡಿಯ ಫಜಲುಲ್ಲಾ ಸಾಬರ ಮುಖಕ್ಕೇ ಬಿಟ್ಟು ಬೈಸಿಕೊಳ್ಳುತ್ತಾರೆ. ಮಧುಗಿರಿ ಬಸ್ ಸ್ಟ್ಯಾಂಡ್ ಪಕ್ಕದ ರಸ್ತೆಯಲ್ಲಿ ಹತ್ತು ವರ್ಷದಿಂದ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿರುವ ನನಗೆ ಇದೆಲ್ಲ ಹೊಸದಲ್ಲ. ಆದರೆ ಆ ಸೋಮವಾರ ಬಂದ ಹುಡುಗಿ ಟಾರ್ಚ್ ಹಚ್ಚಿ, ಅದರ ಬಾಯಿಯನ್ನು ಹೆಬ್ಬೆರಳು ತೋರುಬೆರಳಿನಿಂದ ಸುತ್ತಿ ಹಿಡಿದು, ಸಂದಿಯಲ್ಲಿ ಬೆಳಕು ಸೋರುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಒಂದಲ್ಲ, ಏಳು ಟಾರ್ಚು!

"ಇದಕ್ಕಿಂತ ಚಿಕ್ಕದು ಇಲ್ವಾ ಅಣ್ಣಾ?"

ಅಣ್ಣನಂತೆ! ನನಗಿನ್ನೂ ಮೂವತ್ತೊಂದು. ತಲೆಯ ಮೇಲೆ ಕೂದಲೂ ಪೂರ್ತಿ ಇದೆ.

"ಚಿಕ್ಕದಾದ್ರೆ ಬೆಳಕು ಕಡಿಮೆ ಮೇಡಂ."

"ಬೆಳಕು ಜಾಸ್ತಿ ಬೇಡ. ಬಾಯಿ ಸಣ್ಣಗಿರಬೇಕು, ಬಿಸಿ ಆಗಬಾರದು, ಒಂದ್ಸಲ ಚಾರ್ಜ್ ಮಾಡಿದ್ರೆ ಮೂರು ದಿನ ಬರಬೇಕು. ಡಬ್ಬದ ಮೇಲಿರೋದು ಓದಿ ಹೇಳ್ಬೇಡಿ, ಅದನ್ನ ನಾನೂ ಓದ್ತೀನಿ."

"ಯಾತಕ್ಕೆ ಮೇಡಂ ಇದು?"

"ಒಳಗೇನಿದೆ ಅಂತ ನೋಡಕ್ಕೆ."

ಯಾವುದರ ಒಳಗೆ? ಅಷ್ಟರಲ್ಲಿ ಕೊರಟಗೆರೆ ಬಸ್ಸು ಹಾರ್ನ್ ಹೊಡೆಯಿತು. ಪೆನ್ನಿನಷ್ಟು ಉದ್ದದ್ದೊಂದನ್ನು ತೆಗೆದುಕೊಂಡು ಅವಳು ಓಡಿಯೇ ಹೋದಳು. ಉತ್ತರ ಸಿಗದ ಪ್ರಶ್ನೆ ಇಟ್ಟುಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ನರ್ಸಮ್ಮ ಇರಬಹುದು ಅಂದುಕೊಂಡೆ. ಅಕ್ಕಸಾಲಿಗರ ಮನೆಯವಳೋ ಅಂದುಕೊಂಡೆ. ಕುಕ್ಕರ್, ಸ್ಟವ್ ರಿಪೇರಿ ಮಾಡುವ ಫಜಲುಲ್ಲಾ ಸಾಬರನ್ನು ಕೇಳಿದರೆ, "ಕಳ್ಳಿ ಇರ್ಬೇಕು ಕಣಯ್ಯಾ, ಬೀಗದ ಒಳಗೆ ನೋಡಕ್ಕೆ," ಅಂದುಬಿಟ್ಟರು.

ಗುರುವಾರ ಅವಳು ಮತ್ತೆ ಬಂದಳು. ಟಾರ್ಚನ್ನು ಕೌಂಟರ್ ಮೇಲೆ ಟಪ್ ಎಂದು ಇಟ್ಟಳು.

"ಡಬ್ಬದ ಮೇಲೆ ಎಂಟು ಗಂಟೆ ಅಂತಿತ್ತು. ಎರಡನೇ ಮನೆಗೇ ಕಣ್ಣು ಮುಚ್ತು. ಆ ಅಮ್ಮ ನನ್ನ ನೋಡಿ ನಗಾಡಿದ್ರು."

"ಯಾವ ಮನೆ? ಯಾವ ಅಮ್ಮ? ಮೊದಲು ಆ ಒಳಗೆ ಏನು ಅಂತ ಹೇಳಿ ಮೇಡಂ, ನನ್ನ ತಲೆ ಕೆಟ್ಟೋಗಿದೆ!"

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬ್ಯಾಗಿನಿಂದ ಬಟ್ಟೆ ಸುತ್ತಿದ ಒಂದು ನಾಟಿ ಕೋಳಿ ಮೊಟ್ಟೆ ತೆಗೆದಳು.

"ಹಿಂದಿನ ಬೀದಿಲಿ ನಮ್ಮಕ್ಕನ ಮನೆ. ಕಾವಿಗೆ ಕೂತಿರೋ ಕೋಳಿ ಕೆಳಗಿಂದ ಈಗ ತಾನೆ ತಂದೆ. ಏಳು ದಿನದ್ದು. ಬಿಸಿ ಆರೋದ್ರೊಳಗೆ ವಾಪಸ್ ಇಡ್ಬೇಕು. ಎಲ್ಲಿದೆ ಕತ್ತಲೆ?"

ಮಟಮಟ ಮಧ್ಯಾಹ್ನ. ರಸ್ತೆಗೆ ಬಾಯಿ ತೆರೆದುಕೊಂಡಿರುವ ಅಂಗಡಿ. ಕತ್ತಲೆ ಎಲ್ಲಿಂದ ತರಲಿ? ಕೊನೆಗೆ ಏರ್ ಕೂಲರ್ ಬಂದಿದ್ದ ದೊಡ್ಡ ಖಾಲಿ ಡಬ್ಬವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದೆ. ಅವಳು ಒಳಗೆ ತಲೆ ಹಾಕಿದಳು. "ಬನ್ನಿ, ನೀವೂ ನೋಡಿ," ಅಂದಳು. ನಾನೂ ತಲೆ ಹಾಕಿದೆ.

ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪ ತುದಿ ಇಟ್ಟಳು. ಮೊಟ್ಟೆ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಒಳಗೆ ಸಣ್ಣ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಅಲುಗಿತು.

"ಅಯ್ಯೋ! ಅಲ್ಲಾಡ್ತು!"

"ಮೆತ್ತಗೆ! ಜೀವ ಇದೆ ಅದಕ್ಕೆ. ಹೋಗಿದ್ರೆ ನರ ಇರಲ್ಲ, ಕೆಂಪು ಉಂಗುರ ಕಾಣುತ್ತೆ. ಅದನ್ನ ತೆಗೆದುಬಿಡ್ಬೇಕು. ಇಲ್ಲಾಂದ್ರೆ ಕೊಳೆತು ಒಡೆದು ಬೇರೆ ಮೊಟ್ಟೆನೂ ಹಾಳು ಮಾಡುತ್ತೆ."

"ಫೋನ್ ಟಾರ್ಚಲ್ಲಿ ಆಗಲ್ವಾ?"

"ಆ ಬೆಳಕು ಮೊಟ್ಟೆ ಸುತ್ತ ಚೆಲ್ಲಿ ಕಣ್ಣಿಗೇ ಹೊಡೆಯುತ್ತೆ. ಒಳಗೆ ಹೋಗಲ್ಲ."

ಅವಳ ಹೆಸರು ಶರಣ್ಯಾ. ಕೊಳಾಲದ ಕಡೆ ಪಶು ಸಖಿ. ಊರೂರು ತಿರುಗಿ ಹಸು, ಕುರಿ, ಕೋಳಿ ಸಾಕುವವರಿಗೆ ತಿಳಿವಳಿಕೆ ಹೇಳುವುದು ಅವಳ ಕೆಲಸ. ಇದನ್ನೆಲ್ಲ ಅವಳು ಆ ಡಬ್ಬದೊಳಗೇ ಹೇಳಿದಳು. ಅವಳ ಕೆನ್ನೆಯ ಮೇಲೆ ಮೊಟ್ಟೆಯ ಕೆಂಪು ಬೆಳಕು ಬಿದ್ದಿತ್ತು, ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು, ರೆಪ್ಪೆ ಮೇಲೆ ಒಂದು ಚೂರು ತವುಡು ಅಂಟಿತ್ತು. ನಾನು ಮೊಟ್ಟೆ ನೋಡುವುದು ಬಿಟ್ಟು ಆ ತವುಡನ್ನೇ ನೋಡಿದೆ. ಮುಚ್ಚಿಡುವುದೇನು, ನನಗೆ ಅವಳ ಮೇಲೆ ಮನಸ್ಸಾಗಿದ್ದು ಆವಾಗಲೇ.

ಹೊರಗಿನಿಂದ ಫಜಲುಲ್ಲಾ ಸಾಬರ ದನಿ: "ಏನ್ ಪ್ರಸನ್ನಾ, ಡಬ್ಬದೊಳಗೆ ಪಿಕ್ಚರ್ ನಡೀತಾ ಐತಾ? ನನಗೂ ಒಂದು ಟಿಕೆಟ್ ಕೊಡಪ್ಪಾ!"

ಇಬ್ಬರೂ ಒಟ್ಟಿಗೆ ತಲೆ ಎತ್ತಿ ಡಬ್ಬಕ್ಕೆ ಹೊಡೆದುಕೊಂಡೆವು.

ಮರುದಿನದಿಂದ ನನಗೆ ಹುಚ್ಚು ಹಿಡಿಯಿತು. ಒಂಬತ್ತು ನಮೂನೆಯ ಸಣ್ಣ ಎಲ್ಇಡಿ ಟಾರ್ಚುಗಳನ್ನು ಪೂರ್ತಿ ಚಾರ್ಜ್ ಮಾಡಿ ಕಪಾಟಿನ ಮೇಲೆ ಸಾಲಾಗಿ ಹಚ್ಚಿಟ್ಟೆ. ಅಂಗಡಿ ತೆಗೆಯುವಾಗ ಹಚ್ಚುವುದು, ಮುಚ್ಚುವಾಗ ಆರಿಸುವುದು, ಎಷ್ಟು ಗಂಟೆ ಉರಿಯಿತು ಅಂತ ಚೀಟಿಯಲ್ಲಿ ಬರೆಯುವುದು, ಆರಿದ್ದನ್ನು ಚಾರ್ಜ್ ಮಾಡಿ ಮತ್ತೆ ಹಚ್ಚುವುದು. ಡಬ್ಬದ ಮೇಲೆ ಹತ್ತು ಗಂಟೆ ಎಂದಿದ್ದದ್ದು ಮೂರಕ್ಕೇ ಮಂಕಾಯಿತು. ಕಣ್ಣು ಕುಕ್ಕುವಂತೆ ಉರಿದದ್ದು ಕೈ ಸುಡುವಷ್ಟು ಕಾದು ಮಧ್ಯಾಹ್ನಕ್ಕೆ ಮಲಗಿತು. ಶರಣ್ಯಾ ಸೋಮವಾರ ಬಂದು ನೋಡಿದಳು, ಗುರುವಾರ ಬಂದು ನೋಡಿದಳು. ಯಾವುದು ಮೊದಲು ಆರುತ್ತದೆ ಎಂದು ಪಂದ್ಯ ಕಟ್ಟಿದೆವು. ಸೋತವರು ಬಸ್ ಸ್ಟ್ಯಾಂಡಿನಿಂದ ಟೀ ತರಿಸಬೇಕು. ನಾನು ಬೇಕೆಂದೇ ಸೋಲುತ್ತಿದ್ದೆ.

"ಕೊರಟಗೆರೆಲಿ ಟಾರ್ಚ್ ಸಿಗಲ್ವಾ ನಿಮಗೆ?" ಎಂದು ಒಮ್ಮೆ ಕೆಣಕಿದೆ.

"ಸಿಗುತ್ತೆ. ಆದ್ರೆ ಅಲ್ಲಿ ಯಾರೂ ಡಬ್ಬದೊಳಗೆ ತಲೆ ಹಾಕಲ್ಲ ಕಣ್ರೀ."

ಕಣ್ರೀ! ಅಣ್ಣ ಹೋಗಿತ್ತು. ಎಲ್ಲಿ ಹೋಯಿತೋ, ಹೋದದ್ದು ಒಳ್ಳೆಯದಾಯಿತು.

ಅವಳು ಬಾರದ ಒಂದು ದಿನ ಲೆಕ್ಕ ಹಾಕಿದರೆ, ಒಂಬತ್ತರಲ್ಲಿ ಗೆದ್ದದ್ದು ಹೆಬ್ಬೆರಳಿನಷ್ಟಿದ್ದ ಒಂದು ಲೋಹದ ಟಾರ್ಚು. ಮೂರು ದಿನ ಸೇರಿ ಇಪ್ಪತ್ತಾರು ಗಂಟೆ ಉರಿಯಿತು, ಬಿಸಿಯೂ ಆಗಲಿಲ್ಲ. ಬಾಯಿ ಮೊಟ್ಟೆಯ ತುದಿಗೆ ಹೇಳಿ ಮಾಡಿಸಿದ ಹಾಗಿತ್ತು. ಖುಷಿಯಿಂದ ಕುಣಿಯಬೇಕಿತ್ತು ನಾನು. ಆದರೆ ಅದನ್ನು ಆರಿಸಿ ಕೈಯಲ್ಲಿ ಹಿಡಿದುಕೊಂಡೇ ಕೂತೆ. ಇದನ್ನು ಕೊಟ್ಟರೆ ಅವಳು ಇನ್ನೇಕೆ ಬರುತ್ತಾಳೆ?

ಅದನ್ನು ಡ್ರಾಯರಿನಲ್ಲಿ, ಟೆಸ್ಟರು, ಟೇಪುಗಳ ಕೆಳಗೆ ಇಟ್ಟೆ. ಅವಳಿಗೆ ಐದು ಗಂಟೆ ಬರುವುದೊಂದನ್ನು ಕೊಟ್ಟು, "ಸದ್ಯಕ್ಕೆ ಇದೇ ಇರೋದ್ರಲ್ಲಿ ವಾಸಿ. ಮುಂದಿನ ವಾರ ಬನ್ನಿ, ಬೇರೆ ಬರುತ್ತೆ," ಅಂದೆ. ಅವಳು ನಂಬಿದಳು. ಮುಂದಿನ ವಾರವೂ ಹಾಗೇ ಹೇಳಿದೆ. ಅದರ ಮುಂದಿನ ವಾರವೂ. ಅವಳು ಬಂದಾಗಲೆಲ್ಲ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಮಾಡುತ್ತಿರುವುದು ತಪ್ಪು ಅಂತ ಒಂದು ದಿನವೂ ಅನ್ನಿಸಲಿಲ್ಲ.

ಆಮೇಲೆ ಒಂದು ಗುರುವಾರ ಬರಲಿಲ್ಲ. ಸೋಮವಾರ ಬಂದಳು. ಸ್ಟೂಲಿನ ಮೇಲೆ ಕೂತು ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡಳು. ಟೀ ಬೇಡ ಅಂದಳು.

"ಮನೇಲಿ ಮರಿ ಮಾಡೋ ಪೆಟ್ಟಿಗೆ ಇಟ್ಕೊಂಡಿದೀನಿ ಅಂತ ಹೇಳಿದ್ನಲ್ಲ. ಊರಿನ ಹೆಂಗಸರೆಲ್ಲ ನಂಬ್ಕೊಂಡು ಅರವತ್ತು ಮೊಟ್ಟೆ ತಂದುಕೊಟ್ಟಿದ್ರು. ಮೊನ್ನೆ ಬುಧವಾರ ಹದಿನಾಲ್ಕನೇ ದಿನ. ಬೆಳಗ್ಗೆಯೆಲ್ಲ ಬೇರೆ ಊರಲ್ಲಿ ತಿರುಗಿ ಬಂದು, ಮಧ್ಯಾಹ್ನ ಉಗ್ರಾಣದ ಕತ್ತಲಲ್ಲಿ ನೋಡ್ತಾ ಕೂತೆ. ಅರ್ಧಕ್ಕೆ ಟಾರ್ಚ್ ಆರೋಯ್ತು. ಕರೆಂಟ್ ಇರ್ಲಿಲ್ಲ, ಇದ್ದ ಬ್ಯಾಟರಿ ಪೆಟ್ಟಿಗೆಗೇ ಬೇಕಿತ್ತು. ನಾಳೆ ನೋಡಿದ್ರಾಯ್ತು ಅಂತ ಉಳಿದಿದ್ದನ್ನ ಹಂಗೇ ಇಟ್ಬುಟ್ಟೆ." ಬ್ಯಾಗಿನ ಜಿಪ್ ಎಳೆದಳು, ಮತ್ತೆ ಮುಚ್ಚಿದಳು. "ಬೆಳಗ್ಗೆ ಒಂದು ಒಡೆದಿತ್ತು. ಇಪ್ಪತ್ತೆರಡು ಮೊಟ್ಟೆ ಹಾಳಾದ್ವು. ಎಲ್ಲಾರೂ ನನಗೇ ಅಂದ್ರು. ನಂದೇ ತಪ್ಪು. ಮೊದಲೇ ಚಾರ್ಜ್ ಹಾಕ್ಕೋಬೇಕಿತ್ತು."

ಅವಳು ಟಾರ್ಚಿನ ಮೇಲೆ ತಪ್ಪು ಹೊರಿಸಲೇ ಇಲ್ಲ. ನಾನು ಬಾಯಿ ಮುಚ್ಚಿಕೊಂಡು, "ಅಯ್ಯೋ ಪಾಪ," ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮುಂದಿನ ವಾರವೂ ಬರುತ್ತಿದ್ದಳು. ಆ ಆಸೆ ನನಗೆ ಬಾರದೆ ಇರಲಿಲ್ಲ.

ಡ್ರಾಯರ್ ಎಳೆದು ಆ ಟಾರ್ಚನ್ನು ಅವಳ ಮುಂದೆ ಇಟ್ಟೆ.

"ಎಷ್ಟೊತ್ತು ಬರುತ್ತೆ ಇದು?"

"ಇಪ್ಪತ್ತಾರು ಗಂಟೆ."

"ಯಾವಾಗ ಬಂತು?"

"ಮೊದಲಿಂದ್ಲೂ ಇತ್ತು. ಮೂರು ವಾರದಿಂದ ನನಗೆ ಗೊತ್ತಿತ್ತು. ಇದನ್ನ ಕೊಟ್ರೆ ನೀವು ಬರಲ್ಲ ಅಂತ..."

ಅವಳು ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿ ಇತ್ತು.

"ಆ ಇಪ್ಪತ್ತೆರಡಕ್ಕೂ ಜೀವ ಇತ್ತು ಕಣ್ರೀ. ಏಳನೇ ದಿನ ಒಂದೊಂದನ್ನೂ ನೋಡಿದ್ದೆ ನಾನು. ನನ್ನ ನೋಡ್ಬೇಕು ಅನ್ನಿಸಿದ್ರೆ ಬಾಯಿ ಇರ್ಲಿಲ್ವಾ ನಿಮಗೆ? ಕೊಳಾಲಕ್ಕೆ ಬಸ್ ಇರ್ಲಿಲ್ವಾ?"

ಟಾರ್ಚ್ ತೆಗೆದುಕೊಂಡು ಹೊರಟೇಹೋದಳು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಬೈದದ್ದಕ್ಕಲ್ಲ, ಬೈದದ್ದು ಸರಿಯಾಗಿತ್ತು ಅನ್ನುವುದಕ್ಕೆ. ನಾಲ್ಕನೇ ದಿನ ಅಂಗಡಿ ಬಾಗಿಲು ಎಳೆದೆ. ಒಂದು ಚೀಲದ ತುಂಬ ಅವಳ ಮರಿ ಪೆಟ್ಟಿಗೆಗೆ ಬಲ್ಬು, ಹೊಸ ವೈರು, ಎಕ್ಸ್‌ಟೆನ್ಷನ್ ಬಾಕ್ಸ್, ಇನ್ನೂ ಎರಡು ಟಾರ್ಚು ತುಂಬಿಕೊಂಡೆ. ರಸ್ತೆ ದಾಟುವಾಗ ಫಜಲುಲ್ಲಾ ಸಾಬರು ಚೀಲ ನೋಡಿದರು.

"ರಿಪೇರಿಗೆ ಹೊಂಟ್ಯಾ?"

"ಅಲ್ಲ. ಕೊಳಾಲಕ್ಕೆ."

"ಮತ್ತೆ ಈ ಸಾಮಾನು ಯಾಕಯ್ಯಾ?"

ನಿಜ, ಯಾಕೆ? ಮತ್ತೊಂದು ನೆವ ಹೊತ್ತುಕೊಂಡು ಹೋಗುತ್ತಿದ್ದೆನಲ್ಲ! ಚೀಲವನ್ನು ಅವರ ಅಂಗಡಿಯಲ್ಲೇ ಇಟ್ಟು ಬಸ್ ಹತ್ತಿದೆ. ಕೊರಟಗೆರೆಯಲ್ಲಿ ಇಳಿದು ಇನ್ನೊಂದು ಬಸ್ ಹಿಡಿದೆ. ದಾರಿಯುದ್ದಕ್ಕೂ ಖಾಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಪಶು ಸಖಿಯ ಮನೆ ಎಲ್ಲಿ ಎಂದು ಕೇಳುತ್ತಾ ಹೋದೆ, ಸಿಕ್ಕಿತು. ಜಗಲಿಯಲ್ಲಿ ಅವರಮ್ಮ ಸಿದ್ದಗಂಗಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಒಳಗಿನಿಂದ ಮರಿಗಳ ಚಿಂವ್ ಚಿಂವ್ ಕೇಳುತ್ತಿತ್ತು. ಶರಣ್ಯಾ ಬಾಗಿಲಿಗೆ ಬಂದವಳು ನನ್ನನ್ನು ಕಂಡು ನಿಂತಳು. ಮೊದಲು ನನ್ನ ಕೈ ನೋಡಿದಳು, ಆಮೇಲೆ ಮುಖ.

"ಏನ್ ತಂದಿದೀರಾ?"

"ಏನೂ ತಂದಿಲ್ಲ."

"ಈ ಕಡೆ ಏನಾದ್ರೂ ಕೆಲಸ ಇತ್ತಾ?"

"ಇಲ್ಲ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು, ಬಂದೆ. ನೀವಂದ್ರೆ ನನಗೆ ಇಷ್ಟ. ಅದನ್ನ ಅವತ್ತೇ ಬಾಯಿಬಿಟ್ಟು ಹೇಳಿದ್ರೆ ಆ ಮೊಟ್ಟೆ ಉಳೀತಿದ್ವು. ಯಾರ್ಯಾರ ಮನೇದು ಅಂತ ಹೇಳಿ, ಒಂದೊಂದು ಮನೆಗೂ ಹೋಗಿ ತಪ್ಪು ನಂದು ಅಂತೀನಿ. ನಿಮ್ಮನ್ನ ಅನ್ನೋದು ಬೇಡ."

ಸಿದ್ದಗಂಗಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಅಲ್ಲೇ ನಿಂತಿತು. ನನ್ನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದರು.

"ಶರಣ್ಯಾ, ಯಾರೇ ಇವ್ರು?"

ಅವಳು ಹೊಸ್ತಿಲು ದಾಟಿ ಜಗಲಿಗೆ ಬಂದಳು.

"ನಮ್ಮ ಮೊಟ್ಟೆ ಹಾಳು ಮಾಡಿದೋರು ಕಣಮ್ಮಾ," ಅಂದಳು. ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. ಆಮೇಲೆ ನನ್ನನ್ನೇ ನೋಡುತ್ತಾ, ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದಳು: "ನನಗೆ ಇವ್ರೇ ಆಗ್ಬೇಕು."

ಸಿದ್ದಗಂಗಮ್ಮ ಮೊರ ಪಕ್ಕಕ್ಕೆ ಸರಿಸಿ ಎದ್ದರು.

"ಬಿಸಿಲಲ್ಲಿ ಯಾಕಪ್ಪಾ ನಿಂತಿದೀಯಾ? ಕಾಲು ತೊಳ್ಕೊಂಡು ಒಳಕ್ಕೆ ಬಾ. ಉಂಡ್ಕೊಂಡು ಆ ಮನೆಗಳಿಗೆ ಹೋಗೀವಂತೆ, ನಾನೂ ಬರ್ತೀನಿ."

ಶರಣ್ಯಾ ಚೊಂಬಿನಲ್ಲಿ ನೀರು ತಂದುಕೊಟ್ಟಳು.