ದಶಾವತಾರದ ದಿನದ ಪದಬಂಧ

ಸೂರ್ಯಕಾಂತ ಜಯದೇವಿ ಅಕ್ಕನ ಮನೆಗೆ ಬಂದವನು ಕುರ್ಚಿಯಲ್ಲಿ ಕೂಡಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಆತು ನಿಂತು, "ನಾ ಕಳ್ಳ ಅಲ್ರಿ ಅಕ್ಕಾರ" ಎಂದು ಮುಖ ಆ ಕಡೆ ತಿರುಗಿಸಿಕೊಂಡ. ಮೀಸೆ ಬಂದ ಗಂಡಸು ಹೀಗೆ ನಿಂತರೆ ನೋಡುವವರಿಗೇ ನಾಚಿಕೆಯಾಗುತ್ತದೆ. ನಾನು ಚಹಾದ ಬಸಿಯೊಳಗೆ ಕಣ್ಣಿಟ್ಟೆ.

ಜಯದೇವಿ ಅಕ್ಕ ಸರಕಾರಿ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಕಲಬುರ್ಗಿಯ ಜಗತ್ ಸರ್ಕಲ್ ಹಿಂದಿನ ನಮ್ಮ ಓಣಿಯಲ್ಲಿ ಏನು ಕಳುವಾದರೂ, ಯಾರ ಮೇಲೆ ಸಂಶಯ ಬಂದರೂ ಜನ ಠಾಣೆಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ನಾನು ನೀಲಕಂಠ, ಪಕ್ಕದ ಮನೆಯ ವಿಮಾ ಏಜೆಂಟ. ಅಕ್ಕನ ಪತ್ತೇದಾರಿಯಲ್ಲಿ ನನ್ನ ಪಾಲೆಂದರೆ ಸ್ಕೂಟರ್ ಓಡಿಸುವುದು ಮತ್ತು ತಪ್ಪು ಊಹೆ ಮಾಡುವುದು. ಎರಡನ್ನೂ ನಿಷ್ಠೆಯಿಂದ ಮಾಡುತ್ತ ಬಂದಿದ್ದೆ.

"ಕೂಡು ತಮ್ಮ. ಮೊದಲಿಂದ ಹೇಳು" ಎಂದರು ಅಕ್ಕ.

ಅದು ತೊಂಬತ್ತೆರಡರ ಬೇಸಿಗೆ. ಸೂರ್ಯಕಾಂತ ಊರಿನ ಸಣ್ಣ ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ. ಪತ್ರಿಕೆಯಲ್ಲಿ ದಿನಕ್ಕೊಂದು ವಿಷಯ ಹಿಡಿದು ಪದಬಂಧ ಬರುತ್ತಿತ್ತು. ಒಂದು ದಿನ ಒಡವೆ, ಒಂದು ದಿನ ಮದುವೆ, ಇನ್ನೊಂದು ದಿನ ಬೇಸಾಯ. ಓದುಗರು ಅದನ್ನು ಕತ್ತರಿಸಿ, ತುಂಬಿ, ಅಂಚೆಯಲ್ಲಿ ಕಳಿಸಬೇಕು. ಕಮಲಾಪುರದ ಹೈಸ್ಕೂಲಿನ ಹೆಡ್‌ಮಾಸ್ತರ್ ನರಸಿಂಹರಾಯರು ಒಂದೇ ಒಂದು ದಿನ ತಪ್ಪಿದ್ದು ಬಿಟ್ಟರೆ ಎಲ್ಲವನ್ನೂ ಸರಿಯಾಗಿ ಬಿಡಿಸಿದ್ದರು. ಅವರನ್ನು ಪತ್ರಿಕೆಯ ಕಚೇರಿಗೆ ಕರೆಸಿ ಶಾಲು ಹೊದಿಸಿದರು. ಸಂಪಾದಕ ಹಣಮಂತರಾಯರು ಹುರುಪಿನಲ್ಲಿ ಮರುದಿನದ ಪದಬಂಧವನ್ನು ಕೈಗಿತ್ತು, "ಎಲ್ಲಾರ ಮುಂದ ಬಿಡಸ್ರಿ ಮಾಸ್ತರ" ಎಂದರಂತೆ. ವಿಷಯ ಕಾಳುಕಡಿ. ಮಾಸ್ತರು ಬೆವರೊರೆಸಿಕೊಂಡರು, ಕನ್ನಡಕ ಬದಲಾಗಿದೆ ಎಂದರು, ಕೊನೆಗೆ ಶಾಲನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋದರು.

"ಉತ್ತರ ಮೊದಲೇ ಹೊರಗ ಹೋಗಾಕತ್ತಾವ ಅಂದ್ರು ಸಾಹೇಬ್ರು. ಕರಡು ನೋಡಾಂವ ನಾನು. ನಮ್ಮೂರೂ ಕಮಲಾಪುರ. ಮಾಸ್ತರು ನನಗ ಕಲಿಸಿದವ್ರು. ಅವರದು ತಪ್ಪಿದ್ದು ಒಂದೇ ದಿನ, ಅವತ್ತು ನಾ ರಜಾದಾಗಿದ್ದೆ. ಸೋಮವಾರಕ್ಕ ನೌಕರಿ ಬಿಡು ಅಂದಾರ. ಬದನಾಮ ಆದ್ರ ಮತ್ತೊಂದು ಪ್ರೆಸ್ಸಿನ್ಯಾಗ ಯಾರು ಒಳಗ ಕರ್ಕೋತಾರ್ರಿ?"

"ಮಾಸ್ತರಿಗೆ ಕೇಳಿದೇನು?"

"ಕೇಳೀನ್ರಿ. ಸುಮ್ಮನಿರು, ಎಲ್ಲಾ ತಣ್ಣಗಾಗ್ತದ ಅಂದ್ರು. ನನ್ನ ಮಾರಿ ಸೈತ ನೋಡ್ಲಿಲ್ಲ."

ಅವನು ಹೋದ ಮೇಲೆ, "ಹುಡುಗನೇ ಹೇಳಿರಬೇಕು ಅಕ್ಕ, ಗುರುಭಕ್ತಿ" ಎಂದೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು, "ಗಾಡಿ ತಗಿ" ಎಂದರು.

ಹಣಮಂತರಾಯರು ಒಳ್ಳೆಯವರೇ, ಆದರೆ ಮೋಸಹೋದೆನೆಂಬ ಸಿಟ್ಟು ಅವರನ್ನು ಕುದಿಸುತ್ತಿತ್ತು. ಮಾಸ್ತರಿಂದ ಬಂದ ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಒಗೆದರು. ಎಲ್ಲದರಲ್ಲೂ ಅದೇ ದುಂಡಗಿನ ಅಕ್ಷರ. ಕೆಳಗೆ ಹೆಸರು, ವಿಳಾಸ ಬರೆಯುವ ಜಾಗದಲ್ಲಿ ಮಾತ್ರ ನೇರಳೆ ಬಣ್ಣದ ರಬ್ಬರ್ ಶಿಕ್ಕಾ. ಹೆಡ್‌ಮಾಸ್ತರರಿಗೆ ಶಿಕ್ಕಾ ಒತ್ತುವ ಚಟ ಮನೆಯಲ್ಲೂ ಬಿಟ್ಟಿಲ್ಲ ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ.

"ತಪ್ಪಿದ್ದು ಯಾವುದ್ರಿ?"

ಅಂದಿನ ವಿಷಯ ದಶಾವತಾರ. ಕಲ್ಕಿಯ ಕುದುರೆಯ ಹೆಸರೂ ಸರಿಯಾಗಿತ್ತು, ಅದು ನನಗಂತೂ ತಿಳಿಯದು. 'ಕಂಬದಿಂದ ಬಂದವನು' ಎಂಬ ಸುಳಿವಿಗೆ ಮಾತ್ರ ಉತ್ತರ ಇರಲಿಲ್ಲ. ನಾಲ್ಕು ಮನೆಗಳಲ್ಲಿ ಎರಡು ಅಡ್ಡ ಹಾದ ಪದಗಳಿಂದ ತಾವಾಗಿಯೇ ತುಂಬಿದ್ದವು. ಉಳಿದೆರಡು ಖಾಲಿ.

"ಅವಸರದಾಗ ಬಿಟ್ಟಿರಬೇಕು" ಎಂದೆ.

"ಅವಸರ ಅಲ್ರಿ, ಅವತ್ತು ಹೇಳಿಕೊಡಾಂವ ಇರಲಿಲ್ಲ!" ಎಂದರು ಹಣಮಂತರಾಯರು.

ಭಾನುವಾರ ಸ್ಕೂಟರ್ ಕಮಲಾಪುರಕ್ಕೆ ತಿರುಗಿತು. ದಾರಿಯ ಕೆಂಪು ಧೂಳೆಲ್ಲ ನನ್ನ ಬಿಳಿ ಅಂಗಿಗೆ ಬಂತು. ಮಾಸ್ತರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಚಂದ್ರಾಬಾಯಿ ಚಾಪೆ ಹಾಸಿ, ಕೆಂಬಾಳೆ ಹಣ್ಣು ತಂದಿಟ್ಟರು. ಸಣ್ಣ ಧ್ವನಿಯ, ಸೆರಗು ಬಿಡದ ಹೆಣ್ಣುಮಗಳು.

"ನಮ್ಮ ನೀಲಕಂಠ ವಿಮಾ ಮಾಡಸ್ತಾನ್ರಿ" ಎಂದರು ಅಕ್ಕ. "ಯಜಮಾನ್ರ ಪೂರಾ ಹೆಸರು ಹೇಳ್ರಿ, ಬರ್ಕೋತಾನ."

ಚಂದ್ರಾಬಾಯಿ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ನಕ್ಕು ತಲೆ ತಗ್ಗಿಸಿದರು. ಆಮೇಲೆ ಎದ್ದು ಅಡುಗೆಮನೆಯ ಗೂಡಿನಿಂದ ಶಿಕ್ಕಾ ತಂದು ನನ್ನ ಹಾಳೆಯ ಮೇಲೆ ಒತ್ತಿದರು. ಎಷ್ಟು ಅಚ್ಚುಕಟ್ಟು ಎಂದುಕೊಂಡು ನಾನು ಎರಡನೆಯ ಹಣ್ಣು ಸುಲಿದೆ.

"ಸೂರ್ಯಕಾಂತನ ನೌಕರಿ ಹೋಗೂದ್ರಾಗ ಅದ" ಎಂದರು ಅಕ್ಕ ಮೆಲ್ಲಗೆ.

ಆಕೆಯ ಕೈ ಶಿಕ್ಕಾದ ಮೇಲೆಯೇ ನಿಂತಿತು. "ಅಂವ ನಮ್ಮ ಮನ್ಯಾಗ ಉಂಡು ಓದಿದಾಂವ್ರಿ" ಎಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

"ನಾಳೆ ಇಬ್ಬರೂ ಪತ್ರಿಕೆ ಕಚೇರಿಗೆ ಬರ್ರಿ" ಎಂದು ಅಕ್ಕ ಬಾಗಿಲಿನಿಂದ ಕೂಗಿ ಹೇಳಿದರು.

ಸೋಮವಾರ ಹಣಮಂತರಾಯರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮಾಸ್ತರು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಚಂದ್ರಾಬಾಯಿ ಅವರ ಹಿಂದೆ, ಸೂರ್ಯಕಾಂತ ಮತ್ತೆ ಗೋಡೆಯ ಹತ್ತಿರ.

ಜಯದೇವಿ ಅಕ್ಕ ದಶಾವತಾರದ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಸಾಹೇಬ್ರ, ಸೂರ್ಯಕಾಂತ ಉತ್ತರ ಕೊಡ್ತಿದ್ದ, ಅವತ್ತು ಕೊಡಲಿಲ್ಲ ಅಂದ್ರ ಇಡೀ ಚೀಟಿ ತಪ್ಪಬೇಕಿತ್ತು. ಕಲ್ಕಿ ಕುದುರಿ ಹೆಸರು ಗೊತ್ತಿದ್ದವರಿಗೆ ಕಂಬ ಒಡೆದು ಬಂದಾಂವ ಯಾರು ಗೊತ್ತಿಲ್ಲೇನು? ಅದೂ ವೈಷ್ಣವರ ಮನ್ಯಾಗ? ಗೊತ್ತಿತ್ತು. ಬರೀಲಿಲ್ಲ ಅಷ್ಟೇ."

"ಯಾಕ ಬರೀಲಿಲ್ಲ?"

"ನಾ ವಾರ್ಡಿನ್ಯಾಗ ಹೆರಿಗಿಗೆ ಬಂದಾಕಿಗೆ ಗಂಡನ ಹೆಸರು ಕೇಳಬೇಕಿತ್ತು. ಬ್ಯಾನಿ ತಿಂತಿದ್ರೂ ಹೇಳ್ತಿರಲಿಲ್ಲ. ಒಬ್ಬಾಕಿ ಅತ್ತಿ ಮಾರಿ ನೋಡ್ತಿದ್ಲು, ಒಬ್ಬಾಕಿ ಗ್ವಾಡಿ ಮ್ಯಾಲಿನ ದೇವರ ಪಟ ತೋರಿಸ್ತಿದ್ಲು. ಗಂಡನ ಹೆಸರು ತಗೊಂಡ್ರ ಅವನ ಆಯುಷ್ಯ ಕಡಿಮಿ ಆಗ್ತದ ಅಂತ. ಈ ಪದ ಯಾವ ಮನ್ಯಾಗ ಬರಿಯೂದು ತಪ್ಪು? ನರಸಿಂಹ ಅನ್ನೂ ಗಂಡನ ಹೆಂಡತಿ ಇದ್ದ ಮನ್ಯಾಗ. ಅದಕ್ಕೇ ಶಿಕ್ಕಾ. ಆಕಿ ಬರೀದ ಹೆಸರು ಅದು ಹೇಳ್ತದ. ನಿನ್ನೆ ಹೆಸರು ಕೇಳಿದ್ರ ನೀಲಕಂಠಗೂ ಅದನ್ನೇ ಒತ್ತಿ ಕೊಟ್ರು."

ನನ್ನ ಜೇಬಿನಲ್ಲಿ ಆ ಹಾಳೆ ಇನ್ನೂ ಇತ್ತು. ಕಣ್ಣೆದುರು ನಡೆದದ್ದು ಬಾಳೆಹಣ್ಣಿನ ಭರದಲ್ಲಿ ಹೊಳೆಯದೆ ಹೋಗಿದ್ದಕ್ಕೆ ಕಿವಿ ಬಿಸಿಯಾದವು.

ಮಾಸ್ತರು ಕೆಮ್ಮಿದರು. "ಹೌದು. ಬರೀತಿದ್ದಾಕಿ ಈಕಿ. ನಾ ಹೇಳ್ತಿದ್ದೆ, ಈಕಿ ಬರೀತಿದ್ಲು. ಆ ಪದ ನಾಚಿಕೊಂಡು ಬಿಟ್ಟಾಳ. ನಾಲ್ಕನೇ ಇಯತ್ತೆ ಕಲಿತಾಕಿಗೆ ಪದಬಂಧ ತಿಳೀತದೇನ್ರಿ?"

ಹಣಮಂತರಾಯರು ಅಕ್ಕನ ಕಡೆ ನೋಡಿದರು. "ಹಂಗಾದ್ರ ಮತ್ತ ಅಲ್ಲೇ ಬಂತು. ಅವತ್ತು ಇಲ್ಲೇ ಕೂತು ನಿಮಗ ಒಂದೂ ಬರಲಿಲ್ಲ. ನಿಮಗ ಹೇಳ್ತಿದ್ದಾಂವ ಯಾರ್ರಿ ಮಾಸ್ತರ?"

ಮಾಸ್ತರು ಕಿಟಕಿಯ ಕಡೆ ನೋಡಿದರು. ಅವರ ಮೌನಕ್ಕೆ ಅರ್ಥ ಒಂದೇ ಆಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಸಂಪಾದಕರು ಸೂರ್ಯಕಾಂತನ ಕಡೆ ತಿರುಗಿದರು. ಗುರುವನ್ನು ಸುಳ್ಳುಗಾರ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನನಗೆ ಅಲ್ಲಿಂದ ಎದ್ದು ಹೋಗಿಬಿಡಬೇಕು ಅನಿಸಿತು.

ಚಂದ್ರಾಬಾಯಿ ಮುಂದೆ ಬಂದು ಮೇಜಿನ ಅಂಚು ಹಿಡಿದರು.

"ನರಸಿಂಹರಾವ್ ಮಾಸ್ತರು ಒಂದು ಮನೀನೂ ತುಂಬಿಲ್ರಿ" ಎಂದರು. ಸಣ್ಣ ಧ್ವನಿಯಾದರೂ ಪ್ರತಿ ಅಕ್ಷರ ಕೇಳಿಸಿತು. "ಅವರು ಸಾಲಿಗೆ ಹೋದ ಮ್ಯಾಲ ನಾ ಬಿಡಸ್ತಿದ್ದೆ. ನಮ್ಮಪ್ಪ ಪುರಾಣ ಹೇಳ್ತಿದ್ರು, ಕೇಳಿ ಕೇಳಿ ಬರ್ತದ. ಈ ಹುಡುಗ ನಮಗ ಏನೂ ಹೇಳಿಲ್ಲ. ಇವನ ಅನ್ನ ಹೋಗೂದು ಗೊತ್ತಿದ್ದೂ ಇಷ್ಟು ಹೊತ್ತು ಸುಮ್ಮನ ಕೂತೆ, ಅದಕ್ಕ ನನಗ ನಾಚಿಕಿ ಬರ್ತದ್ರಿ."

ಮದುವೆಯಾದಾಗಿನಿಂದ ನಾಲಿಗೆಗೆ ಬಾರದ ಹೆಸರು. ಹೇಳಿದ ಮೇಲೆ ಆಕೆ ಗಂಡನತ್ತ ಹೆದರಿ ನೋಡಿದರು, ಅವರಿಗೆ ಆಗಲೇ ಏನೋ ಆಗಿಬಿಟ್ಟಿತೇನೋ ಎನ್ನುವ ಹಾಗೆ. ಜಯದೇವಿ ಅಕ್ಕ ಎದ್ದು ಆಕೆಯ ಬೆನ್ನ ಮೇಲೆ ಕೈಯಿಟ್ಟರು.

ಮಾಸ್ತರರ ನೆಟ್ಟಗಿನ ಬೆನ್ನು ಬಾಗಿತ್ತು. "ಖರೇ ಅದ" ಎಂದರು. "ಮನಿಯಾಕಿ ಬಿಡಸ್ತಾಳ ಅಂದ್ರ ಸಾಲ್ಯಾಗ ಮಂದಿ ನಗ್ತಾರ ಅಂತ ಅಂಜಿದೆ. ಹುಡುಗನ್ನ ಕಳ್ಳ ಮಾಡಿದೆ."

ಹಣಮಂತರಾಯರು ಎದ್ದು ಸೂರ್ಯಕಾಂತನಿಗೆ, "ನನ್ನದು ತಪ್ಪಾತಪ್ಪ. ಹೋಗಿ ನಿನ್ನ ಕರಡು ನೋಡು" ಎಂದರು.

ಸೂರ್ಯಕಾಂತ ಕಣ್ಣೊರೆಸಿಕೊಂಡ. ಹೊರಗೆ ಹೋಗುವ ಮೊದಲು ಮಾಸ್ತರರ ಮುಂದೆ ಬಂದು, ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದ. ಮಾಸ್ತರು ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಧೋತರದ ಅಂಚಿನಿಂದ ಮುಚ್ಚಿಕೊಂಡರು.